ಗಾಳಿಕೊಂಡದ ಉಸಿರು

ಗಾಳಿಕೊಂಡದ ಮೇಲೆ ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ಕೇಳಿದರೆ ಅಮ್ಮಾಜಮ್ಮ "ಯಾವ ಮಳೆ?" ಎಂದು ತಿರುಗಿ ಕೇಳುತ್ತಿದ್ದಳು. ಅದೂ ಅವಳ ಎಡಗಡೆ ನಿಂತು ಕೇಳಿದರೆ ಮಾತ್ರ. ಬಲಗಿವಿ ಕೆಟ್ಟು ವರ್ಷಗಳಾಗಿದ್ದವು. ಆರಿದ್ರಾ ಮಳೆಯಾದರೆ ಪಡುವಣದಿಂದ ಬೂದಿಕೋಟೆ ಹಾದು ಬರುತ್ತದೆ, ಬರುವಷ್ಟರಲ್ಲಿ ಸುಸ್ತಾಗಿರುತ್ತದೆ, ನಾಲ್ಕು ಹನಿ ಚಿಮುಕಿಸಿ ಹೊರಟುಹೋಗುತ್ತದೆ. ಸ್ವಾತಿ ಮಳೆಯಾದರೆ ಅದು ಮದರಾಸಿನ ಸಮುದ್ರದ ಸರಕು, ಮೂಡಣದಿಂದ ಬಂದು ಮೂರು ದಿನ ಬಿಡದೆ ಜಿನುಗುತ್ತದೆ, ಕುರಿಗಳ ಗೊರಸು ಕೊಳೆಯಿಸುತ್ತದೆ. ಇಷ್ಟೆಲ್ಲ ಹೇಳುವವಳು, ಭರಣಿ ಮಳೆಯ ಹೆಸರು ಎತ್ತಿದರೆ ಮಾತ್ರ ಹುಲ್ಲಿನ ಹೊರೆ ತಲೆಗೆ ಹೊತ್ತು ಹೊರಟುಬಿಡುತ್ತಿದ್ದಳು.

ಕಾಮಸಮುದ್ರದ ಸುತ್ತ ಬೆಟ್ಟಗಳಿಗೇನೂ ಬರವಿಲ್ಲ. ಆ ಸೀಮೆಯಲ್ಲಿ ಬೇರೆ ಎಲ್ಲಕ್ಕೂ ಬರವಿದ್ದರೂ ಕಲ್ಲಿನಲ್ಲಿ ಮಾತ್ರ ದೇವರು ಧಾರಾಳವಾಗಿ ಕೈ ಬಿಚ್ಚಿದ್ದಾನೆ. ಅವುಗಳಲ್ಲೆಲ್ಲ ದೊಡ್ಡಣ್ಣ ಗಾಳಿಕೊಂಡ. ಅದರ ನೆತ್ತಿಯಲ್ಲಿ ಬಿಳಿಯರ ಕಾಲದ ಸರ್ವೆ ಕಲ್ಲೊಂದಿದೆ. ಸಮುದ್ರದಿಂದ ಮೂರು ಸಾವಿರದ ಮುನ್ನೂರು ಅಡಿ ಎಂದು ಓದಬಲ್ಲವರು ಹೇಳುತ್ತಾರೆ. ಬುಡದ ಹಳ್ಳಿಯಿಂದ ಹತ್ತುವ ಕಾಲುಗಳಿಗೆ ಅದು ಸಾವಿರ ಅಡಿ. ಬಡಗಣ ಮೈ ಬರೀ ಬೋಳು ಬಂಡೆ, ಹಲ್ಲಿಯೂ ಜಾರುತ್ತದೆ. ತೆಂಕಣ ಮೈಯಲ್ಲಿ ಸೀತಾಫಲದ ಪೊದೆ, ಬಂದರೆ ಎಂಬ ಕುರುಚಲು ಗಿಡ, ಎದೆಯೆತ್ತರದ ಹುಲ್ಲು. ನೆತ್ತಿಗಿಂತ ಸ್ವಲ್ಪ ಕೆಳಗೆ, ಕಣದಷ್ಟು ಅಗಲದ ಸಮತಟ್ಟು ಜಾಗ. ಅದನ್ನು ಕುರಿಯವರು ತಟ್ಟು ಎನ್ನುತ್ತಾರೆ. ತಟ್ಟಿನ ಪಕ್ಕದಲ್ಲಿ ಬಂಡೆಯೊಳಗೇ ನೀರು ನಿಲ್ಲುವ ಒಂದು ದೊಣೆ. ಮೇಲೆ, ನೆತ್ತಿಯ ಅಂಚಿನಲ್ಲಿ, ನಾಲ್ಕು ಜನ ಕೂರಬಹುದಾದಷ್ಟು ನೆರಳು ಚಾಚಿದ, ಕೊಡೆಯಂಥ ಒಂದು ಹೆಬ್ಬಂಡೆ, ಕೊಡೆಗುಂಡು.

ಅಮ್ಮಾಜಮ್ಮ ಆ ಬುಡದ ಹಳ್ಳಿಯವಳೇ. ಅವಳ ಅಪ್ಪ ದೊಡ್ಡವೆಂಕಟಪ್ಪ ಕುರಿ ಕಾಯುತ್ತಿದ್ದವನು. ನಡೆಯಲು ಕಲಿತಾಗಿನಿಂದ ಅವಳು ಅಪ್ಪನ ಹಿಂದೆ ಬೆಟ್ಟ ಹತ್ತಿದವಳು. ಬೇರೆ ಹುಡುಗಿಯರು ಅಡುಗೆ ಕಲಿಯುವ ವಯಸ್ಸಿನಲ್ಲಿ ಅವಳು ಗಾಳಿ ಕಲಿತಳು. ಬೆಳಗಿನ ಜಾವ ಗಾಳಿ ನೆತ್ತಿಯಿಂದ ಕೆಳಗಿಳಿಯುತ್ತದೆ, ಹೊತ್ತೇರಿದ ಮೇಲೆ ಬಯಲಿನಿಂದ ಮೇಲಕ್ಕೆ ಬರುತ್ತದೆ, ಇಳಿಹೊತ್ತಿಗೆ ಪಡುವಣದಿಂದ ಬೀಸುತ್ತದೆ. ಹೆಸರಿಗೆ ತಕ್ಕ ಹಾಗೆ ಗಾಳಿ ನಿಲ್ಲದ ಬೆಟ್ಟ ಅದು. ನಿಂತಿತೆಂದರೆ ಕೇಡು ಎಂದು ಅಪ್ಪ ಹೇಳಿಕೊಟ್ಟಿದ್ದ.

ಐವತ್ತೊಂದನೇ ಇಸವಿಯಲ್ಲಿ ಅವಳನ್ನು ಸೋದರತ್ತೆಯ ಮಗ ಕದಿರಪ್ಪನಿಗೆ ಕೊಟ್ಟರು. ಅವನು ಕೆ.ಜಿ.ಎಫ್.ನ ಗಣಿಯೊಂದರಲ್ಲಿ ಬಂಡೆ ಕೊರೆಯುವ ಕೆಲಸದವನು. ಗಣಿ ಕೂಲಿಗಳ ಸಾಲುಮನೆಗಳಿಗೆ ಲೈನು ಎಂದು ಹೆಸರು. ಲೈನಿನ ಮನೆಯೆಂದರೆ ಒಂದೇ ಕೋಣೆ, ಒಂದೇ ಬಾಗಿಲು. ಪಕ್ಕದ ಮನೆಯವರು ಕೆಮ್ಮಿದರೆ ಇವರಿಗೆ ಎಚ್ಚರ. ಮೊದಲ ದಿನವೇ ಅವಳು ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳನ್ನು ನೋಡಿ, "ಇವೇನ್ ಮಾವ, ಗಿಡ ಇಲ್ದಿರೋ ಬೆಟ್ಟಗಳು?" ಎಂದು ಕೇಳಿ ಲೈನಿನವರೆಲ್ಲ ನಗುವಂತೆ ಮಾಡಿದಳು. ಕದಿರಪ್ಪ ಅದನ್ನು ವರ್ಷಗಟ್ಟಲೆ ಆಡಿಕೊಂಡ.

"ನಿಮ್ಮ ಗಾಳಿಕೊಂಡ ಎಷ್ಟೇ ಎತ್ರ? ಸಾವ್ರ ಅಡೀನಾ? ನಾನು ದಿನಾ ಅಂಥಾವು ಆರು ಕೊಂಡ ಇಳ್ದು ಅತ್ತಿ ಬತ್ತೀನಿ ಕಣೆ, ಕಬ್ಬಿಣದ ಕೇಜಿನಾಗೆ ನಿಂತ್ಕೊಂಡು!"

"ಅಲ್ಲಿ ಗಾಳಿ ಐತಾ ಮಾವ?"

"ಪೈಪಲ್ಲಿ ಬಿಡ್ತಾರೆ."

ಗಾಳಿಯನ್ನು ಪೈಪಿನಲ್ಲಿ ಬಿಡುತ್ತಾರೆ ಎಂಬುದನ್ನು ಅವಳಿಗೆ ನಂಬಲು ಬಹಳ ದಿನ ಹಿಡಿಯಿತು. ಅವರಿಗೆ ಎರಡು ಮಕ್ಕಳು ಹುಟ್ಟಿ ಎರಡೂ ಉಳಿಯಲಿಲ್ಲ. ಆಮೇಲೆ ಅವಳಿಗೆ ಅವನು, ಅವನಿಗೆ ಅವಳು, ಅಷ್ಟೇ.

ಐವತ್ತೆಂಟರ ಬೇಸಿಗೆಯಲ್ಲಿ ಏರ್ ಬ್ಲಾಸ್ಟ್ ಆಯಿತು. ಪಾತಾಳದ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ತಾನೇ ಸಿಡಿಯುವುದನ್ನು ಗಣಿಯವರು ಹಾಗೆ ಕರೆಯುತ್ತಾರೆ. ಮೊದಲು ಗುಡುಗಿನ ಹಾಗೆ ಸದ್ದು, ಆಮೇಲೆ ಕಲ್ಲು. ಕದಿರಪ್ಪನ ಜೊತೆ ಅಲ್ಲಿ ಮೂವರಿದ್ದರು. ಸದ್ದು ಕೇಳಿದ್ದೇ ಇಬ್ಬರು ಅಗಲವಾದ ನಡುಜಾಗಕ್ಕೆ ಓಡಿದರು. ಕದಿರಪ್ಪ ಮಾತ್ರ ಜೊತೆಗಾರ ಆರುಮುಗಂನ ಅಂಗಿ ಹಿಡಿದೆಳೆದು, ಸೂರಿಗೆ ಆಸರೆ ಕೊಟ್ಟ ದಪ್ಪ ಮರದ ಕಂಬಗಳ ಪಕ್ಕ, ಬಂಡೆಗೆ ಬೆನ್ನು ಕೊಟ್ಟು ಕೂತ. ನಡುಜಾಗಕ್ಕೆ ಓಡಿದವರ ಮೇಲೆ ಸೂರು ಕುಸಿಯಿತು. ಇವರಿಬ್ಬರು ಹತ್ತೊಂಬತ್ತು ಗಂಟೆ ಹಾಗೇ ಬಂಡೆಗೆ ಒರಗಿ ಕೂತಿದ್ದು ಜೀವಂತ ಮೇಲೆ ಬಂದರು.

ಅಂದಿನಿಂದ ಅವನ ಮೈಯಲ್ಲಿ ಒಂದು ಕಾನೂನು ಕೂತುಬಿಟ್ಟಿತು. ಆಳದಲ್ಲೆಲ್ಲೋ ಬಂಡೆ ಸಿಡಿದರೆ ಲೈನಿನ ಮನೆಗಳಲ್ಲಿ ಗೂಡಿನ ಪಾತ್ರೆಗಳು ಝಣ್ ಎನ್ನುತ್ತಿದ್ದವು. ಆಗ ಅವನು ನಿದ್ದೆಯಲ್ಲಿದ್ದರೂ ಎದ್ದು, ಅಮ್ಮಾಜಮ್ಮನ ರಟ್ಟೆ ಹಿಡಿದು ಮೂಲೆಗೆ ಒತ್ತುತ್ತಿದ್ದ. "ಬಯಲಾಗ್ ನಿಲ್ಬ್ಯಾಡ, ಗೋಡೆಗೆ ಬಾ! ನಿಂತೋರು ಸತ್ರು, ಒರಗ್ದೋರು ಬದುಕಿದ್ರು" ಎನ್ನುತ್ತಿದ್ದ. ಅವಳ ತೋಳಿನಲ್ಲಿ ಅವನ ಬೆರಳಿನ ಗುರುತು ಎರಡು ದಿನ ಇರುತ್ತಿತ್ತು. ಅವಳಿಗೆ ಅದು ನೋವೆನಿಸುತ್ತಿರಲಿಲ್ಲ.

ಆದರೆ ಸೂರು ಕುಸಿಯದೆಯೂ ಗಣಿ ಕೊಲ್ಲುತ್ತದೆ. ಅರವತ್ತೆರಡರ ಹೊತ್ತಿಗೆ ಕದಿರಪ್ಪ ಮಂಚದಿಂದ ಬಾಗಿಲಿಗೆ ಹೋಗಲು ಮೂರು ಸಲ ಕೂರುತ್ತಿದ್ದ. ನಲವತ್ತು ತುಂಬದ ಗಂಡಸು, ತುತ್ತು ನುಂಗುವುದಕ್ಕೂ ಉಸಿರು ಉಳಿಸಿಕೊಳ್ಳಬೇಕಾಗಿತ್ತು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಎದೆಯಲ್ಲಿ ಕಲ್ಲುಪುಡಿ ಕೂತಿದೆಯಮ್ಮ. ಅದು ಕರಗುವುದಿಲ್ಲ. ಧೂಳಿಲ್ಲದ, ಹೊಗೆಯಿಲ್ಲದ ಕಡೆ ಇಟ್ಟುಕೊಂಡರೆ ಉಳಿದಿರುವ ಭಾಗವಾದರೂ ಕೆಲಸ ಮಾಡಬಹುದು. ಖಾತರಿ ಕೊಡಲಾರೆ" ಎಂದರು. ಇಷ್ಟು ಮಾತಿನಲ್ಲಿ ಅಮ್ಮಾಜಮ್ಮನ ಕಿವಿಗೆ ಬಿದ್ದದ್ದು ಧೂಳಿಲ್ಲದ ಕಡೆ ಎಂಬುದೊಂದೇ. ಅಂಥ ಕಡೆ ಪ್ರಪಂಚದಲ್ಲಿ ಅವಳಿಗೆ ಗೊತ್ತಿದ್ದದ್ದೂ ಒಂದೇ.

ದೀಪಾವಳಿ ಕಳೆದ ಮೇಲೆ ಅವನನ್ನು ತವರಿಗೆ ಕರೆತಂದಳು. ನೇರ ಬೆಟ್ಟಕ್ಕೆ ಹೊತ್ತೊಯ್ಯುವಷ್ಟು ದಡ್ಡಿಯಲ್ಲ ಅವಳು. ಧನುರ್ಮಾಸದಲ್ಲಿ ಗಾಳಿಕೊಂಡದ ಮಂಜು ಹತ್ತು ಗಂಟೆಯಾದರೂ ನೆತ್ತಿ ಬಿಡುವುದಿಲ್ಲ, ಗಟ್ಟಿಮುಟ್ಟಾದವರ ಎದೆಯನ್ನೇ ಹಿಡಿಯುತ್ತದೆ. ಸಂಕ್ರಾಂತಿ ಕಳೆಯಲಿ ಎಂದು ಕಾದಳು. ಅಷ್ಟರಲ್ಲಿ ಊರಿನಲ್ಲಿ ಒಕ್ಕಣೆ ಶುರುವಾಯಿತು. ಕಣಕಣದಲ್ಲೂ ರಾಗಿ ತೂರುವವರು. ಊರಿಗೆಲ್ಲ ಹಬ್ಬ ತಂದ ಆ ಹೊಟ್ಟು ಕದಿರಪ್ಪನ ಗಂಟಲು ಹಿಡಿಯಿತು. ಎರಡು ದಿನ ಅವನು ಕೂತೇ ಇದ್ದ, ಮಲಗಿದರೆ ಉಸಿರು ನಿಲ್ಲುತ್ತಿತ್ತು. ಸಂಕ್ರಾಂತಿಯ ಮಾರನೆಯ ದಿನವೇ ಅಮ್ಮಾಜಮ್ಮ ಅವನನ್ನು ಮೇಲಕ್ಕೆ ಸಾಗಿಸಿದಳು.

ಕಂಬಳಿಯನ್ನು ಬಿದಿರಿಗೆ ಕಟ್ಟಿ, ಅದರೊಳಗೆ ಅವನನ್ನು ಮಲಗಿಸಿ, ದೊಡ್ಡವೆಂಕಟಪ್ಪನೂ ಊರಿನ ಇನ್ನಿಬ್ಬರೂ ಸರದಿಯ ಮೇಲೆ ಹೊತ್ತರು. ಹೆಣವನ್ನು ಬಿಟ್ಟರೆ ಬೇರೆ ಯಾರನ್ನೂ ಹಾಗೆ ಹೊತ್ತದ್ದನ್ನು ಆ ಊರು ಕಂಡಿರಲಿಲ್ಲ. ಬಾವಿಕಟ್ಟೆಯಲ್ಲಿದ್ದ ಮುದುಕಿ ಮುನಿನಾರಾಯಣಮ್ಮ ಬಾಯಿ ಬಿಗಿಹಿಡಿಯುವ ಜಾತಿಯಲ್ಲ. "ಊಣಾಕೆ ಕೆಳಗೆ ಜಾಗ ಇಲ್ವೇನೆ, ಮ್ಯಾಲಕ್ಕೆ ಒತ್ಕೊಂಡೋಗ್ತೀಯ?" ಎಂದಳು.

"ಊಣಾಕಲ್ಲ ಅಜ್ಜಿ, ನಡ್ಸಾಕೆ" ಎಂದು ಅಮ್ಮಾಜಮ್ಮ ತಿರುಗಿಯೂ ನೋಡದೆ ನಡೆದಳು.

ತಟ್ಟಿನ ಮೇಲೆ ಹುಲ್ಲಿನ ಗುಡಿಸಲು ಎದ್ದಿತು. ಅಲ್ಲಿ ಒಲೆ ಹಚ್ಚುವಂತಿಲ್ಲ ಎಂಬುದು ಅವಳ ಮೊದಲ ಕಟ್ಟಳೆ. ದಿನಾ ಊರಿಗಿಳಿದು ಮುದ್ದೆ ಬೇಯಿಸಿ, ಸಾವಿರ ಅಡಿ ಹೊತ್ತು ತರುತ್ತಿದ್ದಳು. ಎರಡನೆಯದು ಮಂಚದ ಕೆಲಸ. ಬೆಳಿಗ್ಗೆ ಗುಡಿಸಲ ಮುಂದೆ, ಹೊತ್ತೇರಿದ ಮೇಲೆ ಹಿಂದೆ, ಇಳಿಹೊತ್ತಿಗೆ ದೊಣೆಯ ಪಕ್ಕ: ಗಾಳಿ ತಿರುಗಿದ ಹಾಗೆ ಅವನ ಮಂಚವನ್ನೂ ತಿರುಗಿಸುತ್ತಿದ್ದಳು. ಎಲ್ಲೋ ಕೆಳಗೆ ಯಾರೋ ಹುಲ್ಲಿಗೆ ಬೆಂಕಿ ಇಟ್ಟರೆ ಹೊಗೆ ಬರುವ ಮೊದಲೇ ಮಂಚ ಆ ಕಡೆಗೆ ಬೆನ್ನು ಮಾಡಿರುತ್ತಿತ್ತು. ಎಳೆಕೂಸಿಗೂ ಯಾರೂ ಅಷ್ಟು ಚಾಕರಿ ಮಾಡಲಾರರು.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಇವಳ ಹುಲ್ಲುಕಡ್ಡಿ ನಿಜವಾಗಿಯೂ ಭಾರ ತಡೆಯಿತು. ಮಾಘದಲ್ಲಿ ಅವನು ಗುಡಿಸಲ ಕಂಬದವರೆಗೆ ನಡೆದ. ಶಿವರಾತ್ರಿಯ ಹೊತ್ತಿಗೆ ದೊಣೆಯವರೆಗೆ ಹೋಗಿ ತಾನೇ ಮುಖ ತೊಳೆದುಕೊಂಡ. ಯುಗಾದಿಯ ದಿನ, ಅವಳ ಹೆಗಲು ಹಿಡಿದು ಏಳು ಸಲ ನಿಂತು, ನೆತ್ತಿಯ ಸರ್ವೆ ಕಲ್ಲು ಮುಟ್ಟಿದ. ಅಲ್ಲಿಂದ ಬಡಗಣಕ್ಕೆ ಗಣಿಯ ಶಾಫ್ಟುಗಳ ಮೇಲಿನ ಗಾಲಿಗಳು ಕಡಲೆಕಾಳಿನಷ್ಟು ಕಾಣುತ್ತಿದ್ದವು, ಪಡುವಣಕ್ಕೆ ಬಂಗಾರಪೇಟೆಯ ರೈಲಿನ ಹೊಗೆ.

"ಇಷ್ಟೊತ್ಗೆ ಆರುಮುಗಂ ಇಳೀತಿರ್ತಾನೆ" ಎಂದ ಕದಿರಪ್ಪ. ಬಹಳ ಹೊತ್ತು ನೋಡಿ, "ಲೇ ಅಮ್ಮಾಜಿ, ನಾನು ಕೊಂಡ ಅತ್ಬುಟ್ನಲ್ಲೇ. ಕೇಜಿಲ್ದೆ!" ಎಂದು ನಕ್ಕ. ಆ ನಗೆ ಕೆಮ್ಮಾಗಲಿಲ್ಲ. ಅಮ್ಮಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಅಂದಿನಿಂದ ಅವನು ದಿನಾ ತಾನೇ ನೆತ್ತಿಗೆ ಹತ್ತಿ, ಬಿಸಿಲು ಚುರುಗುಟ್ಟಿದರೆ ಕೊಡೆಗುಂಡಿನ ನೆರಳಿನಲ್ಲಿ ಕೂರತೊಡಗಿದ. ಬಂಡೆಗೆ ಬೆನ್ನು ಕೊಟ್ಟರೆ ಗಣಿಯವನಿಗೆ ನೆಮ್ಮದಿ. ಅಮ್ಮಾಜಮ್ಮನಿಗೆ ಮಾತ್ರ ಆ ಗುಂಡು ಕಂಡರೆ ಆಗದು. ಅವಳು ಹತ್ತು ವರ್ಷದವಳಿದ್ದಾಗ ಚೈತ್ರದ ಒಂದು ಮಧ್ಯಾಹ್ನ ಅಪ್ಪನ ಹನ್ನೊಂದು ಕುರಿಗಳು ಮಳೆಗೆ ಅದರ ಕೆಳಗೆ ನುಗ್ಗಿದ್ದವು. ಸಿಡಿಲು ಗುಂಡಿಗೆ ಬಡಿಯಿತು. ಒಂದರ ಮೈಮೇಲೂ ಗಾಯವಿಲ್ಲ, ಹನ್ನೊಂದೂ ಸಾಲಾಗಿ ಸತ್ತಿದ್ದವು. ತಟ್ಟಿನ ಮೇಲೆ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತ ಅಪ್ಪ ಬದುಕಿದ್ದ.

"ಗುಡುಗಿದ್ರೆ ಗುಂಡು ಬುಟ್ಬುಡು ಮಾವ. ತಟ್ಟಿಗಿಳ್ದು ಕುಕ್ಕರಗಾಲಲ್ಲಿ ಕೂತ್ಕೊ. ತಲೆ ಎತ್ಬ್ಯಾಡ" ಎಂದು ಅವಳು ಹತ್ತು ಸಲ ಹೇಳಿದಳು.

"ಆಯ್ತು ಕಣೆ, ನಿಮ್ಮ ಕೊಂಡದ ಕಾನೂನೇ ತಲೆಕೆಳ್ಗು" ಎಂದು ಅವನು ಹತ್ತು ಸಲವೂ ಒಪ್ಪಿಕೊಂಡ. ಒಪ್ಪಿಕೊಂಡದ್ದು ಬಾಯಿ. ಮೈಯನ್ನು ಯಾರೂ ಕೇಳಿರಲಿಲ್ಲ.

ಅಶ್ವಿನಿ ಮಳೆ ಬರದೆ ಹೋಯಿತು. ಭರಣಿ ಕಾಲಿಟ್ಟಿತು. ಭರಣಿ ಸುರಿದರೆ ಧರಣಿ ಬದುಕೀತು ಎಂದು ಬಯಲಿನವರು ಆಕಾಶ ನೋಡುತ್ತಾರೆ. ಬೆಟ್ಟದವರು ಕುರಿ ಇಳಿಸುತ್ತಾರೆ. "ಇನ್ನ ಸಾಕು, ಇಳ್ಸಮ್ಮ ಅವನ್ನ. ಊರಾಗೆ ಧೂಳೂ ಅಡಗೈತೆ" ಎಂದ ದೊಡ್ಡವೆಂಕಟಪ್ಪ. ಅಮ್ಮಾಜಮ್ಮನಿಗೆ ಆಸೆ. ನಿನ್ನೆ ಮೂರು ಸಲ ನಿಂತು ನೆತ್ತಿ ಹತ್ತಿದವನು ಇವತ್ತು ಎರಡೇ ಸಲ ನಿಂತಿದ್ದ. ನಾಳೆ ಒಂದೇ ಸಲ ನಿಂತಾನು, ನಾಡಿದ್ದು ನಿಲ್ಲದೆಯೇ ಹತ್ತಿಯಾನು. ಹಾಗೆ ಒಂದು ಸಲ ನೋಡಿಬಿಟ್ಟರೆ ಸಾಕು. "ಇನ್ನೆರಡು ದಿನ ಅಪ್ಪಾ" ಎಂದಳು.

ಮಾರನೆಯ ದಿನ ಮಧ್ಯಾಹ್ನ ಅವಳು ಮುದ್ದೆಯ ಬುಟ್ಟಿ ಹೊತ್ತು ಅರ್ಧ ಬೆಟ್ಟ ಹತ್ತಿದ್ದಾಗ ಗಾಳಿ ನಿಂತಿತು. ಹುಲ್ಲಿನ ತುದಿಯೂ ಅಲ್ಲಾಡಲಿಲ್ಲ. ತಿರುಗಿ ನೋಡಿದರೆ ಕುಪ್ಪಂ ಕಡೆಯ ಆಕಾಶ ಬೂದಿ ಕಲಸಿದ ನೀರಿನ ಬಣ್ಣಕ್ಕೆ ತಿರುಗಿತ್ತು. ಬುಟ್ಟಿಯನ್ನು ಪೊದೆಯ ಬುಡದಲ್ಲಿ ಇಟ್ಟು ಓಡಿದಳು. ತಟ್ಟು ತಲುಪುವಷ್ಟರಲ್ಲಿ ಮೊದಲ ಗುಡುಗು ಬೆಟ್ಟದ ಮೈಯನ್ನೇ ನಡುಗಿಸಿತು. ಗುಡಿಸಲಿನಲ್ಲಿ ಅವನಿರಲಿಲ್ಲ. ತಲೆಯೆತ್ತಿ ನೋಡಿದಳು. ಕೊಡೆಗುಂಡಿನ ಕೆಳಗೆ, ಬಂಡೆಗೆ ಬೆನ್ನು ಒತ್ತಿ, ಮೊಣಕಾಲು ಮಡಚಿ, ಹತ್ತೊಂಬತ್ತು ಗಂಟೆ ಕೂತಿದ್ದ ಹಾಗೆಯೇ ಕೂತಿದ್ದ.

"ಮಾವ, ಇಳ್ದು ಬಾ! ಗುಂಡು ಬುಟ್ಟು ಈಚೆ ಬಾ!" ಎಂದು ಕಿರುಚಿದಳು.

ಅವನಿಗೆ ಅವಳು ಕಂಡಳು. ಮೇಲೆ ಬರೀ ಆಕಾಶ, ಸುತ್ತ ಒಂದು ಗೋಡೆಯಿಲ್ಲ, ನಟ್ಟನಡು ಬಯಲಲ್ಲಿ ನಿಂತಿದ್ದಾಳೆ. ಅವನೂ ಕೈ ಬೀಸಿ ಕೂಗಿದ. "ಅಮ್ಮಾಜಿ, ಬಯಲಾಗ್ ನಿಲ್ಬ್ಯಾಡ! ಇಲ್ಲಿಗ್ ಬಾ! ಕಲ್ಲಿಗ್ ಬಾ!"

"ನೀನ್ ಬಾ ಮಾವ!"

"ನೀನ್ ಬಾರೇ!"

ಹೀಗೆ ಗಂಡ ಹೆಂಡತಿ ನಲವತ್ತು ಹೆಜ್ಜೆ ದೂರದಿಂದ ಒಬ್ಬರನ್ನೊಬ್ಬರು ಸಾವಿನಿಂದ ಕರೆಯುತ್ತಿದ್ದರು. ಎರಡನೆಯ ಗುಡುಗು ಇನ್ನೂ ಹತ್ತಿರದಲ್ಲಿ ಮೊಳಗಿತು. ಅಪ್ಪ ಕಲಿಸಿದ ಹಾಗೆ ಕುಕ್ಕರಗಾಲಲ್ಲಿ ಕೂರಬೇಕಾದವಳು ಕೂರಲಿಲ್ಲ. ಅವನನ್ನು ಎಳೆದು ತರುತ್ತೇನೆಂದು ನೆತ್ತಿಯ ಕಡೆಗೆ ಹತ್ತತೊಡಗಿದಳು. ಬೋಳುಬಂಡೆಯ ಮೇಲೆ ಅವಳು ಕಾಲಿಟ್ಟದ್ದನ್ನು ಕಂಡದ್ದೇ ಕದಿರಪ್ಪ ಎದ್ದ. ನಡುಜಾಗಕ್ಕೆ ಓಡಿದ ಆ ಇಬ್ಬರು ಅವನ ಕಣ್ಣ ಮುಂದೆ ಬಂದಿರಬೇಕು. ಗುಂಡಿನ ಕೆಳಗಿಂದ ಹೊರಬಿದ್ದು ಅವಳ ಕಡೆಗೆ ಓಡಿಬಂದ. ತೋಳು ಚಾಚಿದ್ದ, ಅವಳ ರಟ್ಟೆ ಹಿಡಿಯುವುದಕ್ಕೆ.

ಸಿಡಿಲಿನ ಬೆಳಕು ಅವಳಿಗೆ ಕಂಡಿತೋ ಇಲ್ಲವೋ ಅವಳಿಗೇ ತಿಳಿಯದು. ಕಣ್ಣು ಬಿಟ್ಟಾಗ ಬಂಡೆಯ ಇಳಿಜಾರಿನಲ್ಲಿ ಬಿದ್ದಿದ್ದಳು. ಬಲಗಿವಿಯಿಂದ ರಕ್ತ ಸುರಿಯುತ್ತಿತ್ತು. ಮಳೆ ಹೊಯ್ಯುತ್ತಿದ್ದರೂ ಅದರ ಸದ್ದಿರಲಿಲ್ಲ. ಅವನು ಹತ್ತು ಹೆಜ್ಜೆ ಆಚೆಗೆ ಮಗುಚಿ ಬಿದ್ದಿದ್ದ. ತೆವಳಿಕೊಂಡು ಹೋಗಿ ಅವನನ್ನು ತಿರುಗಿಸಿ, ಮೂಗಿನ ಹತ್ತಿರ ಕೈಯಿಟ್ಟಳು. ನಾಲ್ಕು ತಿಂಗಳು ಹಗಲೂ ಇರುಳೂ ಅವನ ಉಸಿರನ್ನು ಕಾದವಳಿಗೆ ಅದು ಹೋಗಿದೆ ಎಂದು ತಿಳಿಯಲು ಎರಡನೆಯ ಸಲ ನೋಡಬೇಕಾಗಲಿಲ್ಲ.

ಸಂಜೆ ಮಳೆ ಬಿಟ್ಟ ಮೇಲೆ ದೊಡ್ಡವೆಂಕಟಪ್ಪ ಹತ್ತಿ ಬಂದ. ಅಳಿಯನ ಸಾಮಾನು ತರಲು ಕೊಡೆಗುಂಡಿನ ಕೆಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಕದಿರಪ್ಪನ ಕಂಬಳಿ ಅಲ್ಲಿ ಮಡಿಚಿದ ಹಾಗೆಯೇ ಇತ್ತು, ಒಣಗಿತ್ತು. ಚೊಂಬಿನ ನೀರು ಚೆಲ್ಲಿರಲಿಲ್ಲ. ಗುಂಡಿಗೆ ಆ ದಿನ ಸಿಡಿಲು ಬಡಿದೇ ಇರಲಿಲ್ಲ. ಮುದುಕ ಅದನ್ನು ಮಗಳಿಗೆ ಹೇಳಬಾರದೆಂದಿದ್ದ. ಕಂಬಳಿಯನ್ನು ಅವಳೇ ಕೈಗೆ ತೆಗೆದುಕೊಂಡು ಮುಟ್ಟಿ ನೋಡಿದಳು.

ಊರು ತನಗೆ ತೋಚಿದ್ದನ್ನು ಹೇಳಿತು. ಬೆಟ್ಟದ ದೇವರ ತಲೆಯ ಮೇಲೆ ಮಂಚ ಹಾಕಿದರೆ ಇನ್ನೇನಾದೀತು ಎಂದರು ಕೆಲವರು. ಗಣಿಯಲ್ಲೇ ಬಿಟ್ಟಿದ್ದರೆ ಇನ್ನೊಂದು ವರ್ಷ ಎಳೆಯುತ್ತಿದ್ದ ಎಂದರು ಇನ್ನು ಕೆಲವರು. ಮುನಿನಾರಾಯಣಮ್ಮ ಮಾತ್ರ ಏನೂ ಅನ್ನದೆ ಬಂದು ಅಮ್ಮಾಜಮ್ಮನ ಪಕ್ಕ ಕೂತು ಎದ್ದು ಹೋದಳು.

ಹನ್ನೊಂದನೆಯ ದಿನ ಆರುಮುಗಂ ಕೆ.ಜಿ.ಎಫ್.ನಿಂದ ಬಸ್ಸು ಹಿಡಿದು ಬಂದ. ಅವನಿಗೂ ಆಗಲೇ ಕೆಮ್ಮು ಶುರುವಾಗಿತ್ತು. ಜಗಲಿಯ ಮೇಲೆ ಅವಳ ಎಡಗಡೆಗೆ ಕೂರಿಸಿದರು. ಏನಾಯಿತು, ಹೇಗಾಯಿತು ಎಂದು ಕೇಳಿದ. ಅವಳು ಅಳದೆ ಎಲ್ಲವನ್ನೂ ಹೇಳಿದಳು. ಗುಂಡಿನ ಕೆಳಗಿಂದ ಅವನು ಓಡಿಬಂದ ಎಂದದ್ದೇ ಆರುಮುಗಂ ತಲೆಯೆತ್ತಿದ.

"ಓಡಿದ್ರಾ? ಕದಿರಣ್ಣನಾ? ಎನ್ನಮ್ಮಾ ಹೇಳ್ತೀಯ? ಅವರಿಗೆ ನಡಿಯಾಕೇ ಉಸುರು ಇರ್ಲಿಲ್ವೇ!"

"ಇತ್ತು ಅಣ್ಣಾ" ಎಂದಳು ಅಮ್ಮಾಜಮ್ಮ. "ಓಡೋವಷ್ಟು ಉಸುರು ಇತ್ತು. ನಾನೇ ಬರ್ಸಿದ್ದೆ."